ಎಣ್ಣೆಗಾಯಿಗೊಂದು ಇಂಗ್ಲಿಷ್ ವಿಶೇಷಣ

ಅಕ್ಕನ ಮಗ ವಿಜಯಪುರದಲ್ಲಿ ಖಾನಾವಳಿ ನಡೆಸುತ್ತಾನೆ. ಗೋಲಗುಮ್ಮಟ ನೋಡಿ ಹಸಿದವರು ನಡೆದು ಬರುವಷ್ಟೇ ದೂರ. ಎಂಟು ಮೇಜು, ಗೋಡೆಯ ಮೇಲೆ ಬಸವಣ್ಣನ ಪಟ, ಅದರ ಕೆಳಗೆ ತಾಟಿನಲ್ಲಿ ಕೈ ತೊಳೆಯಬಾರದೆಂಬ ಫಲಕ, ಒಳಗೆ ಎರಡು ಹಂಚು. ದುಡ್ಡಿನ ವ್ಯವಹಾರ ಅವನದು, ಅಡುಗೆಯ ಯಜಮಾನಿಕೆ ಅಕ್ಕನದು. ಹೋದ ದೀಪಾವಳಿ ಮುಗಿದ ಮೇಲೆ ಅವನು ಊಟವನ್ನು ಮನೆ ಬಾಗಿಲಿಗೆ ಮುಟ್ಟಿಸುವ ಆ್ಯಪ್ ಒಂದಕ್ಕೆ ಸೇರಿಕೊಂಡ. ಅದರಲ್ಲಿ ಪ್ರತಿ ಪದಾರ್ಥದ ಹೆಸರಿನ ಕೆಳಗೂ ಒಂದು ಖಾಲಿ ಚೌಕ. ಆ ಪದಾರ್ಥ ಹೇಗಿರುತ್ತದೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ತುಂಬಬೇಕು.

"ಮಾಮಾ, ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದ್ದೀರಿ. ಹದಿನಾಲ್ಕು ಪದಾರ್ಥ ಇವೆ. ಒಂದು ತಾಸಿನ ಕೆಲಸ" ಎಂದು ಮೊಬೈಲನ್ನು ನನ್ನ ಕೈಯಲ್ಲಿಟ್ಟ.

ಒಂದು ತಾಸಿನ ಕೆಲಸ ಒಂಬತ್ತು ದಿನ ಹಿಡಿಯಿತು. ಪಟ್ಟಿಯಲ್ಲಿ ಮೊದಲನೆಯದು ಎಣ್ಣೆಗಾಯಿ. 'ಡಿಲಿಶಿಯಸ್' ಎಂದು ಬರೆದೆ. ಎರಡನೆಯದು ಝುಣಕ. 'ಟೇಸ್ಟಿ' ಎಂದು ಬರೆದೆ. ಮೂರನೆಯದಾದ ಪುಂಡಿ ಪಲ್ಯಕ್ಕೆ 'ಯಮ್ಮಿ' ಎಂದು ಬರೆದು, ನಾಚಿಕೆಯಾಗಿ ಅಳಿಸಿದೆ. ಅರವತ್ತು ದಾಟಿದವನ ಬಾಯಲ್ಲಿ ಬರುವ ಮಾತಲ್ಲ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲಿಷಿನ ಬರಹದೊಳಗೆ ಬಂದ ಆ ಮಾತಿಗೆ ಬೇರು ಹುಡುಕಬೇಕಾಗಿಲ್ಲ. ತುಟಿ ಮುಚ್ಚಿ ಚಪ್ಪರಿಸಿದರೆ ಹುಟ್ಟುವ ಸದ್ದು ಅದು. ನಮ್ಮ ಕೂಸುಗಳು ಅನ್ನಕ್ಕೆ 'ಮಮ್ಮು' ಎನ್ನುವುದೂ ಅದೇ ತುಟಿಗಳಿಂದಲೇ.

ಅಲ್ಲಿಗೆ ಕೈಯಲ್ಲಿದ್ದ ಮಾತು ಮೂರಕ್ಕೆ ಮುಗಿಯಿತು. ಉಳಿದ ಹನ್ನೊಂದಕ್ಕೆ ಏನು ಮಾಡುವುದು?

ನನ್ನ ವಿದ್ಯಾರ್ಥಿಗಳಿಗೆ ಈ ಕಷ್ಟ ಇರಲಿಲ್ಲ. ಮದುವೆಗೆ ಹೋದ ಪ್ರಬಂಧವಾಗಲಿ, ಬಾದಾಮಿಗೆ ಪ್ರವಾಸ ಹೋದ ಪ್ರಬಂಧವಾಗಲಿ, ಊಟದ ಪ್ಯಾರಾ ಬಂದಾಗ ಎಲ್ಲರೂ 'ನೈಸ್' ಎಂದು ಬರೆದು ಮುಂದಿನ ಪ್ಯಾರಾಕ್ಕೆ ಹೋಗುತ್ತಿದ್ದರು. ನಾನು ಆ ನೈಸಿನ ಕೆಳಗೆ ಕೆಂಪು ಗೆರೆ ಎಳೆದು, ಆ ಶಬ್ದ ಲ್ಯಾಟಿನ್ನಿನ 'ನೆಸಿಯಸ್' ಎಂಬುದರಿಂದ ಬಂದದ್ದು, ಏನೂ ತಿಳಿಯದವನು ಎಂದು ಅದರ ಅರ್ಥ, ಇಂಗ್ಲಿಷಿನಲ್ಲಿಯೂ ಮೊದಲು ಅದು ಪೆದ್ದನಿಗೆ ಹೇಳುವ ಮಾತಾಗಿತ್ತು ಎಂದು ದೊಡ್ಡ ಉಪನ್ಯಾಸ ಕೊಡುತ್ತಿದ್ದೆ. ಈಗ ಖಾಲಿ ಚೌಕದ ಮುಂದೆ ಕುಳಿತಾಗ ಆ ಮಕ್ಕಳ ಸ್ಥಿತಿ ಅರ್ಥವಾಯಿತು.

ಕಪಾಟಿನಿಂದ ಹಳೆಯ ಶಬ್ದಕೋಶ ಇಳಿಸಿದೆ. ಶಬ್ದಗಳಿಗೇನೂ ಬರವಿಲ್ಲ. ಡಿಲಿಶಿಯಸ್ ಎಂಬುದು ಸೆಳೆ, ಮರುಳು ಮಾಡು ಎಂಬ ಅರ್ಥದ ಲ್ಯಾಟಿನ್ ಧಾತುವಿನದು. ಟೇಸ್ಟ್ ಎಂಬುದು ಹಳೆಯ ಫ್ರೆಂಚಿನಲ್ಲಿ ಮುಟ್ಟಿ ನೋಡುವುದಾಗಿತ್ತು. ನಾಲಿಗೆಗೆ ಬಂದದ್ದು ಆಮೇಲೆ. ಸ್ಕ್ರಂಪ್ಷಸ್ ಎಂಬುದು 1830ರ ದಶಕದ ಅಮೆರಿಕದ ಆಡುಮಾತು, ಮೊದಲು ಸೊಗಸಾದದ್ದಕ್ಕೆಲ್ಲ ಅನ್ನುತ್ತಿದ್ದರು. ಟೂತ್‌ಸಮ್ ಎಂದರೆ ಹಲ್ಲಿಗೆ ಒಪ್ಪುವಂಥದ್ದು. ಪ್ಯಾಲಟಬಲ್ ಎಂದರೆ ಅಂಗುಳಕ್ಕೆ ಒಪ್ಪುವಂಥದ್ದು, ಆದರೆ ಇದನ್ನು ನಂಬಬಾರದು: ಬೀಗರ ಮನೆಯ ಊಟವನ್ನು ಪ್ಯಾಲಟಬಲ್ ಎಂದರೆ 'ಹೇಗೋ ಗಂಟಲಲ್ಲಿ ಇಳಿಯಿತು' ಎಂದಂತೆ. ಸೇವರಿ ಎಂಬ ಶಬ್ದದ ಹಿಂದಿರುವ ಲ್ಯಾಟಿನ್ ಧಾತುವಿಗೆ ರುಚಿ ನೋಡು, ತಿಳಿ ಎಂದು ಎರಡೂ ಅರ್ಥ. ಹೋಮೋ ಸೇಪಿಯನ್ಸ್ ಎಂಬಲ್ಲಿಯ ಸೇಪಿಯನ್ಸ್ ಅದರದೇ ಕೂಸು. 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೀಯಸ್ ನಮ್ಮ ಜಾತಿಗೆ ಆ ಹೆಸರಿಟ್ಟಾಗ ಬುದ್ಧಿಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಆದರೆ ರುಚಿ ಬಲ್ಲ ಮನುಷ್ಯ ಎಂದು ಓದಿಕೊಂಡರೆ ಶಬ್ದವೇನೂ ಅಡ್ಡ ಬರುವುದಿಲ್ಲ.

ಸ್ವೀಟ್ ಎಂಬ ಶಬ್ದದ ಹತ್ತಿರ ಮಾತ್ರ ಸ್ವಲ್ಪ ಹೊತ್ತು ನಿಂತೆ. ಅದೂ ಸಂಸ್ಕೃತದ 'ಸ್ವಾದು'ವೂ ಒಂದೇ ಮೂಲದ ದಾಯಾದಿಗಳು. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಒಂದೇ ಮನೆತನದ ಎರಡು ಕವಲು, ಒಂದು ಸ್ವಾದಿಷ್ಟವಾಗಿ ನಮ್ಮ ಮದುವೆಯ ಕರೆಯೋಲೆಗಳಿಗೆ ಬಂದಿತು, ಇನ್ನೊಂದು ಬೇಕರಿಯ ಫಲಕಗಳಿಗೆ. ನಮ್ಮದೇ ಆದ 'ಸಿಹಿ' ಬೇರೆ ಕುಲದ್ದು. ಅದರ ಮೋಟುರೂಪ 'ಸೀ'. ಚಳಿಗಾಲದಲ್ಲಿ ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಉದುರಿದ ಹಸಿರು ಕಾಳನ್ನು ಬೆಲ್ಲದ ಜೊತೆ ಮುಕ್ಕುತ್ತೇವಲ್ಲ, ಆ ಸೀತನಿಯಲ್ಲಿ ಇರುವುದು ಅದೇ ಸೀ; ಸೀ ತೆನೆ. ತಿಂಡಿಯ ಹೆಸರಿನಲ್ಲಿಯೇ ವಿಶೇಷಣ ಕುಳಿತಿರುವಾಗ ಮೇಲೆ ಇನ್ನೊಂದನ್ನು ಏಕೆ ಹೇರಬೇಕು?

ಇರಲಿ, ಎಣ್ಣೆಗಾಯಿಗೆ ಬರುತ್ತೇನೆ. ನನ್ನ ಸೋಲು ಅಲ್ಲಿಂದಲೇ ಶುರುವಾದದ್ದು.

ಅಕ್ಕ ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕ ಬದನೆಕಾಯಿ ಆರಿಸುತ್ತಾಳೆ. ತೊಟ್ಟು ಬಿಡದಂತೆ ಕೆಳಗಿನಿಂದ ನಾಲ್ಕು ಸೀಳು ಹಾಕಿ ಉಪ್ಪುನೀರಿಗೆ ಬಿಡುತ್ತಾಳೆ. ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಮಸಾಲೆ ಖಾರ, ಹುಣಸೆಹುಳಿ, ಹೆಬ್ಬೆರಳಿನಷ್ಟು ಬೆಲ್ಲ ಎಲ್ಲವನ್ನೂ ಕುಟ್ಟಿ, ಕಾಯಿಯ ಹೊಟ್ಟೆಯೊಳಗೆ ಒತ್ತುತ್ತಾಳೆ. ಆಮೇಲೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಎಣ್ಣೆಯಲ್ಲಿ ಬೇಯಲು ಬಿಟ್ಟು, ಆಗಾಗ ಮುಚ್ಚಳ ಸರಿಸಿ ಇಣುಕುತ್ತಾಳೆ. ಅವಳು ಕಾಯುವುದು ಒಂದೇ ಗುರುತಿಗೆ: ಮಸಾಲೆ ಎಣ್ಣೆ ಬಿಡಬೇಕು. ಅಂಚಿನಲ್ಲಿ ಕೆಂಪು ಎಣ್ಣೆ ಬಳೆಯಂತೆ ತೇಲಿದಾಗ ಒಲೆ ಆರಿಸುತ್ತಾಳೆ. ನಮ್ಮಲ್ಲಿ "ಎಣ್ಣೆ ಬಿಟ್ಟಿದೆ" ಎಂದರೆ ಹದಕ್ಕೆ ಬಂದಿದೆ ಎಂದು. ಅದನ್ನೇ ಇಂಗ್ಲಿಷಿನಲ್ಲಿ 'ಆಯ್ಲಿ' ಎಂದು ಬರೆದರೆ ಗಿರಾಕಿ ಓಡಿಹೋಗುತ್ತಾನೆ. 'ಗ್ರೀಸಿ' ಎಂದರೆ ಇನ್ನೂ ಕೆಟ್ಟದ್ದು, ಗ್ಯಾರೇಜಿನ ವಾಸನೆ ಬರುತ್ತದೆ. ತಮಾಷೆ ಎಂದರೆ ಆಯಿಲ್ ಎಂಬ ಶಬ್ದ ಹುಟ್ಟಿದ್ದು ಆಲಿವ್ ಕಾಯಿಯಿಂದ. ನಮ್ಮ ಎಣ್ಣೆ ಹುಟ್ಟಿದ್ದು ಎಳ್ಳಿನಿಂದ, ಎಳ್ಳಿನ ನೆಯ್ಯೇ ಎಣ್ಣೆಯಾದದ್ದು. ಹುಟ್ಟು ಇಷ್ಟೊಂದು ಹೋಲುತ್ತದೆ, ಒಂದರ ವಿಶೇಷಣ ಬೈಗುಳವಾಯಿತು, ಇನ್ನೊಂದು ಪಲ್ಯದ ಹೆಸರೇ ಆಯಿತು.

ಕೊನೆಗೆ ಎಣ್ಣೆಗಾಯಿಗೆ 'ಅರ್ದಿ' ಮತ್ತು 'ನಟಿ' ಎಂಬ ಎರಡು ಶಬ್ದ ಆರಿಸಿದೆ. ದೊಡ್ಡ ಹೋಟೆಲುಗಳವರು ಇವನ್ನು ಧಾರಾಳವಾಗಿ ಬಳಸುತ್ತಾರೆ. ಸಂಜೆ ಅಕ್ಕ ಕೇಳಿದಳು, ಏನು ಬರೆದೆ ಎಂದು. ನಾನು ಬುದ್ಧಿ ಇಲ್ಲದೆ ಅರ್ಥ ಬಿಡಿಸಿ ಹೇಳಿದೆ: ಮಣ್ಣಿನ ಗುಣದ್ದು.

"ನನ್ನ ಎಣ್ಣೆಗಾಯಿ ಮಣ್ಣಿನಂತಿದೆ ಎಂದು ಊರಿಗೆಲ್ಲ ಸಾರಲು ಹೊರಟಿದ್ದೀಯಾ?"

ಅರ್ದಿ ಹೋಯಿತು. ನಟಿಯನ್ನು ನಾನೇ ತೆಗೆದೆ. ಕನ್ನಡ ಅಕ್ಷರದಲ್ಲಿ ಓದಿದರೆ ಯಾವುದೋ ಸಿನಿಮಾದವಳು ಬದನೆಕಾಯಿಯಲ್ಲಿ ಬಂದು ಕುಳಿತಂತೆ ಕಾಣುತ್ತದೆ. ಮೇಲಾಗಿ ಶೇಂಗಾ ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಟ್ ಅಲ್ಲವೇ ಅಲ್ಲ, ಕಡಲೆ, ತೊಗರಿಗಳ ಬಳಗದ್ದು.

ಇಂಥ ಎಡವಟ್ಟುಗಳು ಪಟ್ಟಿಯುದ್ದಕ್ಕೂ ಇದ್ದವು. ಕರದಂಟನ್ನು ಅಮೀನಗಡದಿಂದ ತರಿಸಿ ಮಾರುತ್ತಾನೆ. ಕರಿದ ಅಂಟು, ಅಂದರೆ ತುಪ್ಪದಲ್ಲಿ ಕರಿದು ಅರಳಿಸಿದ ಗೋಂದು, ಬೆಲ್ಲ, ಒಣಹಣ್ಣು. ಹುಡುಗ ತಾನೇ ಅದಕ್ಕೆ 'ಫ್ರೈಡ್ ಗಮ್' ಎಂದು ಬರೆದಿಟ್ಟಿದ್ದ. ಬೆಳಗಾವಿಯ ಕುಂದಾ ಕೂಡ ಇಟ್ಟಿದ್ದಾನೆ, ನಾನು ಬಿ.ಎಡ್. ಓದಲು ಬೆಳಗಾವಿಯಲ್ಲಿ ಇದ್ದಾಗ ತಿಂಗಳಿಗೊಮ್ಮೆ ಕಾಲು ಕಿಲೋ ತಂದು, ಕೊಠಡಿಯ ಗೆಳೆಯನಿಗೆ ಕಾಣದಂತೆ ಟ್ರಂಕಿನಲ್ಲಿ ಇಡುತ್ತಿದ್ದೆ. ಹಾಲು ಬತ್ತಿ, ಒಡೆದು, ಸಕ್ಕರೆ ಕಂದು ಬಣ್ಣಕ್ಕೆ ತಿರುಗಿ ಆಗುವ ಆ ಮರಳುಮರಳೇ ಅದರ ಜೀವ. ತುಪ್ಪವನ್ನೂ ನಾವು ಮರಳು ಕಟ್ಟಿದೆ ಎಂದು ಹೊಗಳುತ್ತೇವೆ. ಇಂಗ್ಲಿಷಿನ 'ಗ್ರೇನಿ'ಗೆ ಆ ಹೊಗಳಿಕೆ ಇಲ್ಲ, ಅದು ನುಣುಪಾಗಬೇಕಾದದ್ದು ಕೆಟ್ಟಾಗ ಹೇಳುವ ಮಾತು.

ಖಾರದ ಕಥೆ ಬೇರೆ. ಹಿಂದೆ ಒಮ್ಮೆ ಗುಮ್ಮಟ ನೋಡಲು ಬಂದಿದ್ದ ವಿದೇಶಿ ದಂಪತಿ ಇದೇ ಖಾನಾವಳಿಯಲ್ಲಿ ಕುಳಿತು, ತಾಟಿನ ಮೂಲೆಯಲ್ಲಿದ್ದ ರಂಜಕವನ್ನು, ಅಂದರೆ ಕೆಂಪು ಮೆಣಸಿನಕಾಯಿಯ ಚಟ್ನಿಯನ್ನು, ತೋರಿಸಿ "ಹಾಟ್?" ಎಂದು ಕೇಳಿದರು. ಬಡಿಸುವ ಹುಡುಗ ರಂಜಕವನ್ನು ಬೆರಳಿನಿಂದ ಮುಟ್ಟಿ ನೋಡಿ, ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡು, "ನೋ ಸರ್, ಕೋಲ್ಡ್" ಎಂದ. ಆಮೇಲೆ ನಡೆದದ್ದನ್ನು ಬಿಡಿಸಿ ಹೇಳುವುದಿಲ್ಲ. ಎರಡು ಲೋಟ ಮಜ್ಜಿಗೆ, ಒಂದು ಹಿಡಿ ಸಕ್ಕರೆ ಖರ್ಚಾಯಿತು. ಸುಡುವುದಕ್ಕೂ ಖಾರಕ್ಕೂ ಒಂದೇ ಮಾತು ಇಟ್ಟುಕೊಂಡ ಭಾಷೆಯನ್ನು ಆ ದಿನ ನಾನು ಬಡ ಭಾಷೆ ಎಂದು ಬೈದೆ. ಬೈದದ್ದು ತಪ್ಪಾಯಿತು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್‌ಗೆ ಎಚ್ಚರಗೊಳ್ಳುವ, ನರದಲ್ಲಿರುವ ಗ್ರಾಹಕವೊಂದನ್ನು (ರಿಸೆಪ್ಟರ್) 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಪತ್ತೆ ಹಚ್ಚಿತು. ಸುಮಾರು 43 ಡಿಗ್ರಿ ದಾಟಿದ ಬಿಸಿಗೂ ಅದೇ ಗ್ರಾಹಕ ಎಚ್ಚರಗೊಳ್ಳುತ್ತದೆ. ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಇಂಥ ಕೆಲಸಕ್ಕೇ. ಅಂದರೆ ನರಕ್ಕೆ ಕೆಂಡವೂ ಕೆಂಪು ಮೆಣಸಿನಕಾಯಿಯೂ ಒಂದೇ. ವಿಜಯಪುರದ ಮೇ ತಿಂಗಳ ಮಧ್ಯಾಹ್ನವೂ ಆ ಅಂಕಿಗೆ ಹತ್ತಿರವೇ ಇರುತ್ತದೆ. ನಮ್ಮವರು ಅದೇ ಬಿಸಿಲಿನಲ್ಲಿ ಕುಳಿತು ರಂಜಕ ತಿನ್ನುವುದಕ್ಕೆ ಯಾವ ಗ್ರಾಹಕ ಕಾರಣವೋ.

ಇನ್ನು ರೊಟ್ಟಿ. ಕಟಕಟ ಒಣಗಿದ ಖಡಕ್ ರೊಟ್ಟಿಗೆ ಇಂಗ್ಲಿಷಿನಲ್ಲಿ ಎರಡು ಶಬ್ದ ಸಿಗುತ್ತವೆ, ಕ್ರಿಸ್ಪಿ ಮತ್ತು ಕ್ರಂಚಿ. ಎರಡೂ ಒಂದೇ ಅಲ್ಲ. ತೆಳ್ಳಗಿದ್ದು ಮುಂದಿನ ಹಲ್ಲಿಗೆ ಕೀರಲಾಗಿ ಮುರಿಯುವುದು ಕ್ರಿಸ್ಪಿ. ದವಡೆಗೆ ಹೋಗಿ ದಪ್ಪ ದನಿಯಲ್ಲಿ ಒಡೆಯುವುದು ಕ್ರಂಚಿ. ನಮ್ಮ ಗರಿಗರಿ, ಕರುಂಕುರುಂಗಳಂತೆ. ಕ್ರಂಚಿಯ ಮಟ್ಟಿಗಾದರೂ ಇಂಗ್ಲಿಷ್ ಸಹ ನಮ್ಮ ವ್ಯಾಕರಣ ಪುಸ್ತಕದ ಅನುಕರಣಾವ್ಯಯದ ದಾರಿಯನ್ನೇ ಹಿಡಿಯುತ್ತದೆ, ಸದ್ದನ್ನೇ ಶಬ್ದ ಮಾಡಿಕೊಳ್ಳುತ್ತದೆ. ಆಕ್ಸ್‌ಫರ್ಡಿನಲ್ಲಿ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸ್ಸಿಮಿಲಿಯಾನೊ ಜಂಪೀನಿ ಎಂಬವರು ಆಲೂಗಡ್ಡೆ ಚಿಪ್ಸ್ ಕಚ್ಚುವವರ ಕಿವಿಗೆ ಅವರದೇ ಕಚ್ಚುವ ಸದ್ದನ್ನು ಹೆಚ್ಚಿಸಿ ಕೇಳಿಸಿದರು. ಅದೇ ಚಿಪ್ಸ್ ಹೆಚ್ಚು ಗರಿಗರಿಯಾಗಿದೆ ಎಂದು ತಿಂದವರು ಹೇಳಿದರು. 2004ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ 2008ರಲ್ಲಿ ನಗೆಚಾಟಿಕೆಯ ಇಗ್ ನೊಬೆಲ್ ಸಿಕ್ಕಿತು. ನಮ್ಮ ಅಪ್ಪನಿಗೆ ಕೊನೆಯ ವರ್ಷಗಳಲ್ಲಿ ಕಿವಿ ಮಂದವಾಗಿತ್ತು. ಖಡಕ್ ರೊಟ್ಟಿ ಮೊದಲಿನಂತೆ ಇಲ್ಲ, ಮೆತ್ತಗಾಗಿದೆ ಎಂದು ದಿನಾ ಗೊಣಗುತ್ತಿದ್ದರು. ಹಲ್ಲು ಹೋದದ್ದಕ್ಕೆ ಹೀಗೆ ಹೇಳುತ್ತಾರೆ ಎಂದುಕೊಂಡಿದ್ದೆವು.

ಏಳನೆಯ ದಿನದ ಹೊತ್ತಿಗೆ ನಾನು ಸ್ಟ್ಯಾನ್‌ಫರ್ಡಿನ ಭಾಷಾವಿಜ್ಞಾನಿ ಡ್ಯಾನ್ ಜುರಾಫ್‌ಸ್ಕಿ ಅವರ ಲೆಕ್ಕವೊಂದನ್ನು ಓದಿದ್ದು ನೆನಪಾಯಿತು. ಅವರೂ ಸಂಗಡಿಗರೂ ಅಮೆರಿಕದ ಸುಮಾರು 6,500 ಮೆನುಗಳಲ್ಲಿದ್ದ 6.5 ಲಕ್ಷ ತಿನಿಸುಗಳನ್ನು ಜಾಲಾಡಿದ್ದರು. ವಿವರಣೆಯ ಶಬ್ದಗಳು ಸರಾಸರಿ ಒಂದೊಂದು ಅಕ್ಷರ ಉದ್ದವಾದಂತೆ ತಿನಿಸಿನ ಬೆಲೆ 18 ಸೆಂಟ್ ಹೆಚ್ಚಿತ್ತಂತೆ. ಇನ್ನೊಂದು ಸಂಗತಿ ನನಗೆ ಹೆಚ್ಚು ಹಿಡಿಸಿತು: ಡಿಲಿಶಿಯಸ್, ಟೇಸ್ಟಿ ಮುಂತಾದ ಮಾತುಗಳು ತೀರಾ ದುಬಾರಿ ಹೋಟೆಲುಗಳ ಮೆನುವಿನಲ್ಲಿ ಕಡಿಮೆ, ಅಗ್ಗದವುಗಳಲ್ಲಿ ಹೆಚ್ಚು. ರುಚಿಯ ಬಗ್ಗೆ ಅನುಮಾನ ಬರಬಹುದಾದಲ್ಲಿ ಮಾತ್ರ ರುಚಿಯಾಗಿದೆ ಎಂದು ಹೇಳಬೇಕಾಗುತ್ತದೆ. ಇದನ್ನು ಅಳಿಯನಿಗೆ ವಿವರಿಸಿದೆ. ಅವನು ಅದರಲ್ಲಿ ತನಗೆ ಬೇಕಾದದ್ದನ್ನಷ್ಟೇ ಹಿಡಿದುಕೊಂಡ. "ಹಾಗಾದರೆ ಆ ಸ್ಕ್ರಂಪ್ಷಸ್ ಹಾಕಿಬಿಡಿ ಮಾಮಾ, ಹತ್ತು ರೂಪಾಯಿ ಏರಿಸುತ್ತೇನೆ."

ನಮ್ಮ ಮನೆಯಲ್ಲಿ ರುಚಿಯಾಗಿದೆ ಎಂದು ಬಾಯಿ ಬಿಟ್ಟು ಹೇಳುವ ರೂಢಿಯೇ ಇರಲಿಲ್ಲ. ಅಪ್ಪ ಊಟದ ನಡುವೆ ಕೈ ನಿಲ್ಲಿಸಿ, "ಇದನ್ನು ಯಾರು ಮಾಡಿದರು?" ಎಂದು ಕೇಳುತ್ತಿದ್ದರು. ಅಷ್ಟಕ್ಕೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಹೊಗಳಿಕೆಗೂ ತೆಗಳಿಕೆಗೂ ಅದೊಂದೇ ಪ್ರಶ್ನೆ. ಯಾವುದು ಎಂಬುದು ಮುಂದೆ ಅವರ ಕೈ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ. ನೀರಿನ ತಂಬಿಗೆಯ ಕಡೆ ಹೋದರೆ ಅವ್ವ ಉಪ್ಪಿನ ಡಬ್ಬಿ ನೋಡುತ್ತಿದ್ದಳು. ರೊಟ್ಟಿಯ ಬುಟ್ಟಿಯ ಕಡೆ ಹೋದರೆ ಮತ್ತೆ ಬಡಿಯುವ ಸದ್ದು ಶುರು. ನೆರೆಯವರ ಹತ್ತಿರ ಅಪ್ಪ ಹೇಳುತ್ತಿದ್ದುದೂ ಇಷ್ಟೇ: "ಈ ಹೊತ್ತು ಒಂದು ರೊಟ್ಟಿ ಹೆಚ್ಚಿಗೆ ಹೋಯಿತು." ತಿಂದೆ ಎನ್ನಲಿಲ್ಲ, ಹೋಯಿತು ಎಂದರು. ರೊಟ್ಟಿ ತಾನಾಗಿ ಎದ್ದು ನಡೆದಂತೆ.

ನಮ್ಮ ಮಾತಿನ ಕಟ್ಟೇ ಹಾಗಿದೆ. ಊಟ ನನಗೆ ಸೇರುತ್ತದೆ, ಪಲ್ಯ ನನಗೆ ಹಿಡಿಸುತ್ತದೆ, ಜ್ವರ ಬಂದರೆ ಏನೂ ರುಚಿಸುವುದಿಲ್ಲ. ಮಾಡುವುದೆಲ್ಲ ಊಟವೇ, ಉಣ್ಣುವವನು ಚತುರ್ಥಿ ವಿಭಕ್ತಿಯಲ್ಲಿ 'ನನಗೆ' ಎಂದು ಕೈಯೊಡ್ಡಿ ಕುಳಿತಿರುತ್ತಾನೆ. ಪಾಣಿನಿ ಇದಕ್ಕೆ ಸೂತ್ರವನ್ನೇ ಬರೆದಿಟ್ಟಿದ್ದಾನೆ: 'ರುಚ್ಯರ್ಥಾನಾಂ ಪ್ರೀಯಮಾಣಃ'. ರುಚಿಸು ಎಂಬ ಅರ್ಥದ ಕ್ರಿಯಾಪದ ಬಂದಾಗ, ಸಂತೋಷಪಡುವವನಿಗೆ ಚತುರ್ಥಿ. ವ್ಯಾಖ್ಯಾನಕಾರರು ಕೊಡುವ ಉದಾಹರಣೆಯೂ ತಿಂಡಿಯದೇ, ದೇವದತ್ತನಿಗೆ ಮೋದಕ ರುಚಿಸುತ್ತದೆ ಎಂದು. ಸಂಸ್ಕೃತದ ಆ 'ರುಚ್' ಧಾತುವಿಗೆ ಹೊಳೆ ಎಂಬ ಅರ್ಥವೂ ಇದೆ. ಮೋದಕ ದೇವದತ್ತನ ಮುಂದೆ ಹೊಳೆಯುತ್ತದೆ ಎಂದರೂ ತಪ್ಪಿಲ್ಲ.

ಇಂಗ್ಲಿಷಿನ 'ಐ ಲೈಕ್' ಇದಕ್ಕೆ ತೀರಾ ವಿರುದ್ಧ ಎಂದು ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ನಾನು ಮೊದಲು, ಮೋದಕ ಆಮೇಲೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಲೈಕ್ ಎಂದರೆ ಹಿಡಿಸು ಎಂದೇ ಅರ್ಥವಿತ್ತು. 'ಇಟ್ ಲೈಕ್ಸ್ ಮಿ', ಅದು ನನಗೆ ಹಿಡಿಸುತ್ತದೆ ಎಂಬ ವಾಕ್ಯ ಷೇಕ್ಸ್‌ಪಿಯರನ ಕಾಲಕ್ಕೂ ಕಿವಿಗೆ ಬೀಳುತ್ತಿತ್ತು. ಆಮೇಲೆ ಅದು ತಲೆಕೆಳಗಾಗಿ, ಉಣ್ಣುವವನು ಕರ್ತೃವಾಗಿ ಪೀಠ ಏರಿದ. ಈ ಮಾತು ತರಗತಿಯಲ್ಲಿ ಇದ್ದಾಗ ಹೊಳೆದಿದ್ದರೆ ಎಷ್ಟು ಮಕ್ಕಳಿಗೆ ಇಂಗ್ಲಿಷ್ ಅಷ್ಟೊಂದು ಪರಕೀಯ ಅನ್ನಿಸುತ್ತಿರಲಿಲ್ಲವೋ.

ಶಬ್ದಕೋಶದ ಎಲ್ಲ ಹೊಗಳಿಕೆಗಳ ನಡುವೆ ನಮ್ಮ ಅಪ್ಪನಿಗೆ ಅರ್ಥವಾಗಬಹುದಾದ ಶಬ್ದ ಒಂದೇ ಒಂದು ಸಿಕ್ಕಿತು. ಮೋರಿಶ್. ಬ್ರಿಟಿಷರ ಮನೆಮಾತು. ಮೋರ್ ಎಂಬುದಕ್ಕೆ ಒಂದು ಬಾಲ ಅಂಟಿಸಿದ್ದಾರೆ, ಅಷ್ಟೇ. ಸಿಹಿಯೋ ಹುಳಿಯೋ ಗರಿಗರಿಯೋ ಹೇಳುವುದಿಲ್ಲ. ಇನ್ನೊಂದು ಬೇಕು ಅನ್ನಿಸುತ್ತದೆ ಎಂದು ಮಾತ್ರ ಹೇಳುತ್ತದೆ. ರೊಟ್ಟಿಯ ಮುಂದೆ ಅದನ್ನು ಬರೆದೆ. ಅಳಿಯ ಓದಿ, "ಇದನ್ನು 'ಮೋರಿ' ಎಂದು ಓದುತ್ತಾರೆ ಮಾಮಾ" ಎಂದು ಅಳಿಸಿದ. ಚರಂಡಿಯ ಹೆಸರು ರೊಟ್ಟಿಗೆ ಬೇಡ ಎಂದು ನನಗೂ ಅನ್ನಿಸಿತು.

ಕೊನೆಗೆ ನಾವಿಬ್ಬರೂ ಒಂದು ರಾಜಿಗೆ ಬಂದೆವು. 1908ರಲ್ಲಿ ಟೋಕಿಯೊದ ಕಿಕುನೆ ಇಕೆಡಾ ಕಡಲಕಳೆಯ ಸಾರಿನಲ್ಲಿ ಕಂಡುಕೊಂಡ ರುಚಿಗೆ ಇಂಗ್ಲಿಷಿನಲ್ಲಿ ಹೆಸರು ಸಿಗದೆ ಜಪಾನಿಯರ ಉಮಾಮಿಯನ್ನೇ ಅವರು ಎತ್ತಿಕೊಂಡಿದ್ದಾರೆ. ಹಾಗಿದ್ದಮೇಲೆ ಖಡಕ್ ಎಂಬುದನ್ನೂ ಎತ್ತಿಕೊಳ್ಳಲಿ, ರಂಜಕವನ್ನೂ ಎತ್ತಿಕೊಳ್ಳಲಿ. ವಿಶೇಷಣಗಳನ್ನೆಲ್ಲ ಹೊಡೆದು ಹಾಕಿ, ಏನೇನು ಹಾಕುತ್ತಾರೆ, ಹೇಗೆ ಬೇಯಿಸುತ್ತಾರೆ ಎಂದಷ್ಟೇ ಬರೆದೆ. ಜೋಳದ ಹಿಟ್ಟು, ಎಸರು, ಕೈಯಲ್ಲಿ ಬಡಿದದ್ದು. ಇದರಷ್ಟು ಒಳ್ಳೆಯ ಇಂಗ್ಲಿಷನ್ನು ನಾನು ಎಂದೂ ಬರೆದಿರಲಿಲ್ಲ. ಆ್ಯಪ್‌ನವರು ಎರಡು ದಿನ ಬಿಟ್ಟು, ವಿವರಣೆ ತೀರಾ ಚಿಕ್ಕದು ಎಂದು ಹದಿನಾಲ್ಕನ್ನೂ ಹಿಂದಕ್ಕೆ ಕಳಿಸಿದರು. ಅಳಿಯ ನನ್ನನ್ನು ಕೇಳಲಿಲ್ಲ. ಗಲ್ಲಾದ ಮೇಲೆ ಕುಳಿತಲ್ಲಿಯೇ ಪ್ರತಿಯೊಂದರ ಕೊನೆಗೂ 'ವೆರಿ ವೆರಿ ಟೇಸ್ಟಿ' ಎಂದು ಸೇರಿಸಿದ. ಹದಿನಾಲ್ಕೂ ಒಪ್ಪಿಗೆಯಾದವು.

ಆ ರಾತ್ರಿ ನಾನು ಅಲ್ಲಿಯೇ ಊಟಕ್ಕೆ ಇದ್ದೆ. ಹತ್ತೂವರೆಗೆ ಬಾಗಿಲು ಎಳೆದರು. ಅಕ್ಕ ಒಲೆಯ ಕಟ್ಟೆ ಒರೆಸುತ್ತ, ತಿರುಗಿ ನೋಡದೆ ಕೇಳಿದಳು, "ಬುಟ್ಟಿಯಲ್ಲಿ ಎಷ್ಟು ಉಳಿದಿವೆ?"

ಅರಿವೆ ಸರಿಸಿ ಎಣಿಸಿದೆ. "ಹನ್ನೊಂದು."

ಒರೆಸುತ್ತಿದ್ದ ಕೈ ನಿಂತಿತು. "ಹನ್ನೊಂದೇ? ನಿನ್ನೆ ಮೂರು ಉಳಿದಿದ್ದವು" ಎಂದವಳು ಎಣ್ಣೆಗಾಯಿಯ ಪಾತ್ರೆಯ ತಳಕ್ಕೆ ಬೆರಳು ಹಚ್ಚಿ ನಾಲಿಗೆಗೆ ಇಟ್ಟುಕೊಂಡಳು. "ಉಪ್ಪು ಮುಂದಾಗಿದೆ. ಒಬ್ಬರಾದರೂ ಹೇಳಬಾರದೇ?"